ಜಪಾನಿನ ಬೆಟ್ಟದ ರಾಗಿ ಮತ್ತು ಮೋರಿಯವರ ವ್ಯಾನು

ಬಿಳಿಕೆರೆ

ಜಗಳ ಮಾಡಿದ್ದಕ್ಕೆ ವಿದೇಶ ಪ್ರವಾಸ ಸಿಕ್ಕಿದವರು ನಮ್ಮ ಹುಣಸೂರು ತಾಲ್ಲೂಕಿನಲ್ಲಿ ಬಹುಶಃ ನಾನೊಬ್ಬಳೇ ಇರಬೇಕು.

ಆಗಿದ್ದಿಷ್ಟು. ಬಿಳಿಕೆರೆಯಲ್ಲಿ ರಾಗಿ ಬೆಳೆಗಾರರ ಸಭೆ ಕರೆದಿದ್ದರು. ಸರ್ಕಾರಿ ಸಂಶೋಧನಾ ಕೇಂದ್ರದಿಂದ ವಸುಧಾ ಎನ್ನುವ ವಿಜ್ಞಾನಿ ಬಂದಿದ್ದರು. ರಾಗಿಯ ಬೆಂಕಿ ರೋಗದ ಮೇಲೆ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ ಎಂದು ಪರಿಚಯ ಮಾಡಿಕೊಟ್ಟರು. ಬೆಂಕಿ ರೋಗವೆಂದರೆ ನಿಜವಾದ ಬೆಂಕಿಯಲ್ಲ. ಎಲೆ, ತೆನೆಯ ಕತ್ತು ಸುಟ್ಟ ಹಾಗೆ ಕಪ್ಪಾಗಿ ಕಾಳೆಲ್ಲ ಜೊಳ್ಳಾಗುತ್ತದೆ. ಆ ವರ್ಷ ನನ್ನ ಹೊಲದಲ್ಲೂ ಅರ್ಧಕ್ಕರ್ಧ ಜೊಳ್ಳು. ವಸುಧಾ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ಮಾತಾಡುತ್ತಿದ್ದರು. ಎದ್ದು ನಿಂತೆ.

“ಅನ್ನೆರಡ್ ವರ್ಸ ಓದ್ಸಿದ್ರೆ ನಮ್ಮ ಎಮ್ಮೇನೂ ಡಾಕ್ಟ್ರಾಯ್ತಿತ್ತು ಕಣ್ರೀ! ಬೆಂಕಿ ರೋಗ ಅಂಗೇ ಅದೆ. ಈ ಸಂಶೋಧನೆಗೆ ಸುರಿಯೋ ದುಡ್ನಾಗೆ ಸರ್ಕಾರ ನಮ್ಮೂರ್ಗೊಂದು ಒಕ್ಕಣೆ ಕಣ ಮಾಡ್ಕೊಡ್ಲಿ. ರಾಗಿ ತಂದು ರೋಡ್ ಮ್ಯಾಲೆ ಅರ್ಡಿ, ಲಾರಿಗೆ ಸಿಕ್ಕಿ ಸಾಯೋದಾದ್ರೂ ತಪ್ತದೆ.”

ಜನ ಚಪ್ಪಾಳೆ ತಟ್ಟಿದರು. ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು ನಾನು. ಚಪ್ಪಾಳೆಯ ರುಚಿ ಗೊತ್ತು. ವಸುಧಾ ಮುಖ ಕೆಂಪಗಾಯಿತು. ಟೀ ಕುಡಿದು ಜೀಪು ಹತ್ತಿ ಹೋದರು.

ತಿಂಗಳು ಕಳೆದ ಮೇಲೆ ಅವರಿಂದಲೇ ಫೋನು. ಜಪಾನಿನ ಬೆಟ್ಟದೂರೊಂದರಲ್ಲಿ ಮುಂದಿನ ವರ್ಷ ತೆನೆ ಬರುವ ಹೊತ್ತಿಗೆ ರಾಗಿ ಸಂಶೋಧನೆಯ ಬಗ್ಗೆ ಊರ ಸಭೆಯಿದೆ, ಅಲ್ಲಿನ ವಿಜ್ಞಾನಿ ಇಂಡಿಯಾದಿಂದ ಒಬ್ಬ ರಾಗಿ ರೈತರನ್ನು ಕರೆತನ್ನಿ ಅಂದಿದ್ದಾರೆ, ಬರುತ್ತೀರಾ ಎಂದರು.

“ನಾನಾ? ನಿಮ್ಮನ್ನ ಬೈದೋಳಾ?”

“ನನ್ನ ಹೊಗಳೋರ್ನ ಕರ್ಕೊಂಡ್ಹೋದ್ರೆ ಅಲ್ಲಿ ಯಾರೂ ನಂಬಲ್ಲ ರತ್ನಕ್ಕ. ಅದೂ ಅಲ್ದೆ, ನಿಮ್ಹತ್ರ ಪಾಸ್‌ಪೋರ್ಟ್ ಇದೆಯಂತಲ್ಲ.”

ಇತ್ತು. ನಮ್ಮ ಸ್ತ್ರೀಶಕ್ತಿ ಸಂಘದವರೆಲ್ಲ ಶ್ರೀಲಂಕಾಕ್ಕೆ ಹೋಗುವುದೆಂದು ಉತ್ಸಾಹದಲ್ಲಿ ಪಾಸ್‌ಪೋರ್ಟ್ ಮಾಡಿಸಿ, ಕೊನೆಗೆ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೆವು. ಮನೆಯವರು, ಅಂದರೆ ಶಿವಣ್ಣನವರು, ಒಂದೇ ಮಾತು ಹೇಳಿದರು: “ಓಗ್ಬುಟ್ ಬಾ. ಬ್ಯಾರನ್ ನಾನ್ ನೋಡ್ಕತೀನಿ.” ಬ್ಯಾರನ್ ಅಂದರೆ ನಾವು ಹೊಗೆಸೊಪ್ಪು ಹದ ಮಾಡುವ ಮನೆ. ಅದು ಮೂರು ಹೊತ್ತೂ ಬೆಂಕಿ ಬೇಡುತ್ತದೆ. ಅವರು ಅದನ್ನು ಒಬ್ಬರೇ ನೋಡಿಕೊಂಡದ್ದು ನಮ್ಮ ಮದುವೆಯಾದಂದಿನಿಂದ ಒಂದು ದಿನವೂ ಇಲ್ಲ.

ಸದ್ದಿಲ್ಲದ ರೈಲು

ವಿಮಾನದ ವಿಷಯ ಎಲ್ಲರೂ ಬರೆಯುತ್ತಾರೆ, ನಾನು ಬಿಟ್ಟೆ. ನನ್ನ ಕಿವಿ ಎರಡು ದಿನ ಗುಂಯ್‌ಗುಟ್ಟಿತು ಅಂದರೆ ಸಾಕು.

ಶಿಕೊಕು ಎನ್ನುವ ದ್ವೀಪದಲ್ಲಿ ನದಿಯ ಪಕ್ಕದಲ್ಲೇ ಬೆಟ್ಟ ಹತ್ತುವ ಎರಡು ಡಬ್ಬಿಯ ಪುಟ್ಟ ರೈಲು ಹಿಡಿದೆವು. ಒಳಗೆ ಇಪ್ಪತ್ತು ಜನ ಇದ್ದರೂ ಉಸಿರಿನ ಸದ್ದಿಲ್ಲ. ನಮ್ಮ ಹುಣಸೂರು ಬಸ್ಸಿನಲ್ಲಿ ಇಷ್ಟು ಮೌನ ಬರಬೇಕಾದರೆ ಯಾರೋ ತೀರಿಕೊಂಡಿರಬೇಕು. ಆ ಹೊತ್ತಿಗೆ ಸರಿಯಾಗಿ ನನ್ನ ಫೋನು ಮಾದಪ್ಪನ ಪದ ಹಾಡುತ್ತಾ ಬಡಿದುಕೊಂಡಿತು.

“ಸೌದೆ ಎಲ್ ಮಡಗಿದ್ದೀಯೆ?” ಶಿವಣ್ಣನವರ ಗಾಬರಿಯ ದನಿ.

“ಕೊಟ್ಗೆ ಇಂದ್ಗಡೆ! ಇಂದ್ಗಡೆ ಕಣ್ರೀ! ಕಣ್ ಬುಟ್ಟು ನೋಡಿ!”

ಇಡೀ ಡಬ್ಬಿಯೇ ನಮ್ಮ ಕೊಟ್ಟಿಗೆಯ ಹಿಂದುಗಡೆ ನೋಡಿದಂತಾಯಿತು. ಟೋಪಿ ಹಾಕಿದ ಕಂಡಕ್ಟರ್ ಹತ್ತಿರ ಬಂದು ನಡು ಬಗ್ಗಿಸಿ ವಂದಿಸಿ, ಗೋಡೆಯ ಮೇಲಿನ ಚಿತ್ರ ತೋರಿಸಿದ. ಫೋನಿನ ಮೇಲೆ ಅಡ್ಡಗೆರೆ ಎಳೆದ ಚಿತ್ರ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಮಸ್ಕಾರ ಮಾಡುವವನನ್ನು ಏನು ಮಾಡುವುದು? ಸೀಟಿನಲ್ಲಿ ಕುಸಿದು ಕುಳಿತೆ. ಪಕ್ಕದಲ್ಲಿ ವಸುಧಾ ದುಪಟ್ಟಾ ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಬಿಳಿಕೆರೆಯ ಜಗಳದ ನಂತರ ಅವರು ನನ್ನ ಮುಂದೆ ನಕ್ಕಿದ್ದು ಅದೇ ಮೊದಲು.

ಆಮೇಲೆ ಪಿಸುಮಾತಿನಲ್ಲಿ ತಮ್ಮ ಕಥೆ ಹೇಳಿದರು. ಅವರು ಕೆ.ಆರ್. ನಗರದ ಭೇರ್ಯದ ಕಡೆಯವರು. ನಾಲೆ ನೀರಿನ ಭತ್ತದ ಮನೆ. “ನಮ್ಮಪ್ಪ ಈಗ್ಲೂ ಕೇಳ್ತಾರೆ, ಗದ್ದೆ ಬಿಟ್ಟು ಬೆದ್ಲು ಬೆಳೆ ಯಾಕೆ ಹಿಡ್ಕೊಂಡೆ ಅಂತ.” ಆಫ್ರಿಕಾ ಮೂಲದ ಒಂದು ರಾಗಿ ತಳಿಯ ಮೇಲೆ ಅವರಿಗೆ ಬಲು ನಂಬಿಕೆಯಂತೆ. ಮೂರು ವರ್ಷ ಅದರ ಹಿಂದೆ ಬಿದ್ದರು. ಎಲೆಗೆ ರೋಗ ತಾಗಲೇ ಇಲ್ಲ. ಮೂರನೇ ವರ್ಷ ಸೋನೆ ಹಿಡಿದಾಗ ತೆನೆಯ ಕತ್ತಿಗೇ ಬಂತು, ಎಲ್ಲ ಹೋಯಿತು. “ನೀವು ಸಭೇಲಿ ಎದ್ದು ನಿಂತ್ರಲ್ಲ, ಅದು ಆಗಿ ಇನ್ನೂ ಹದಿನೈದು ದಿನ ಆಗಿರ್ಲಿಲ್ಲ ರತ್ನಕ್ಕ.”

ನಾನು ಚೀಲದಿಂದ ಒಂದು ಚಕ್ಕುಲಿ ತೆಗೆದು, ಸದ್ದಾಗದಂತೆ ಮುರಿದು ಅರ್ಧ ಅವರ ಕೈಗಿಟ್ಟೆ.

ಬಸ್ ನಿಲ್ದಾಣದ ಮೂವರು

ರೈಲಿಳಿದು ಕಾರಿನಲ್ಲಿ ಊರು ಮುಟ್ಟಿದಾಗ, ಈಗ ಬಸ್ಸೇ ಬಾರದ ಅಲ್ಲಿನ ನಿಲ್ದಾಣದಲ್ಲಿ ಇಬ್ಬರು ಅಜ್ಜಂದಿರು, ಒಬ್ಬರು ಅಜ್ಜಿ ಬೆಂಚಿನ ಮೇಲೆ ಕುಳಿತಿದ್ದರು. ಪರದೇಶದಲ್ಲಿ ನಾವೇ ಮೊದಲು ಮಾತಾಡಿಸಬೇಕೆಂದು ಹತ್ತಿರ ಹೋಗಿ, ಕಂಡಕ್ಟರ್ ಮಾಡಿದ ಹಾಗೆಯೇ ನಡು ಬಗ್ಗಿಸಿದೆ. ಅವರು ಕದಲಲಿಲ್ಲ. ಇನ್ನಷ್ಟು ಬಗ್ಗಿಸಿದೆ. ಕೊನೆಗೆ ಅಜ್ಜಿಯ ಕೈ ಹಿಡಿದರೆ, ಕೈಯೊಳಗೆ ಹುಲ್ಲು!

ಬೆರ್ಚಪ್ಪಗಳು. ಊರಲ್ಲಿ ಜನ ಕಡಿಮೆ, ಬಿಕೋ ಅನ್ನದಿರಲಿ ಎಂದು ಇದ್ದವರೇ ಹೊಲಿದು ಕೂರಿಸಿದ್ದರು. ನಮ್ಮಲ್ಲಿ ಬೆರ್ಚಪ್ಪನನ್ನು ಹಕ್ಕಿ ಓಡಿಸುವುದಕ್ಕೆ ನಿಲ್ಲಿಸುತ್ತೇವೆ. ಇವರು ಜತೆಗಿರಲಿ ಎಂದು ಕೂರಿಸುತ್ತಾರೆ.

ನಾವು ಉಳಿದದ್ದು ಹಾನಾಯೆ ಎನ್ನುವ ಅಜ್ಜಿಯ ಮನೆಯಲ್ಲಿ. ಎಪ್ಪತ್ತೆಂಟು ವರ್ಷ. ನನ್ನ ಎದೆಮಟ್ಟ ಬರುತ್ತಾರೆ, ನಡಿಗೆಯಲ್ಲಿ ನನ್ನನ್ನು ಹಿಂದೆ ಹಾಕುತ್ತಾರೆ. ಅವರ ಹೊಲ ಗೋಡೆಗೆ ಒರಗಿಸಿಟ್ಟ ಮೊರದ ಹಾಗೆ ಕಡಿದಾಗಿದೆ. ಮಳೆಗೆ ಮಣ್ಣು ಜಾರದಂತೆ ಒಣಹುಲ್ಲು ಹಾಸಿ, ಜಾರಿದ್ದನ್ನು ಗುದ್ದಲಿಯಿಂದ ಮತ್ತೆ ಮೇಲಕ್ಕೆ ಎಳೆದು ಹಾಕುತ್ತಾರೆ. ಸುತ್ತ ಬಲೆ, ಅಲ್ಲೂ ಕಾಡುಹಂದಿ, ಕೋತಿಗಳ ಕಾಟ. ಬಲೆಯೊಳಗೆ ನೋಡುತ್ತೇನೆ, ಕೈಬೆರಳು ಮಡಚಿದ ಹಾಗೆ ತೆನೆ. ನಮ್ಮ ರಾಗಿ! ಅವರ ಭಾಷೆಯಲ್ಲಿ ಅದಕ್ಕೆ ಆ ದ್ವೀಪದ್ದೇ ಹೆಸರು. ನಾನು ಆ ತೆನೆಯನ್ನು ನೆಂಟರ ಮಗುವಿನ ಗಲ್ಲ ಹಿಡಿದಂತೆ ಹಿಡಿದುಕೊಂಡೆ. ಅಜ್ಜಿಗೆ ಅದರಿಂದಲೇ ನಾನು ಯಾರೆಂದು ಗೊತ್ತಾಗಿಹೋಯಿತು.

ವಸುಧಾ ಸ್ನಾನಕ್ಕೆ ಹೋಗಿದ್ದಾಗ ಅಜ್ಜಿ ಫೋನು ತಂದು ನನ್ನ ಬಾಯಿಯ ಮುಂದೆ ಹಿಡಿದರು. ನಾವು ಮಾತಾಡಿದ್ದನ್ನು ಅದು ಅವರ ಭಾಷೆಗೆ ತಿರುಗಿಸುತ್ತದೆ. ನಾನು ಉತ್ಸಾಹದಲ್ಲಿ, “ಹೋದ ವರ್ಷ ನಮ್ಮ ಹೊಲಕ್ಕೂ ಬೆಂಕಿ ಬಿದ್ದಿತ್ತು, ಅರ್ಧ ಹೋಯಿತು” ಎಂದೆ. ಅಜ್ಜಿ ಬಿಳಿಚಿಕೊಂಡರು. ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಫೋನು ಅವರ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿತು: “ಮನೆಯಲ್ಲಿ ಎಷ್ಟು ಜನ ಬದುಕಿದ್ದಾರೆ?” ಒದ್ದೆ ತಲೆಯಲ್ಲೇ ವಸುಧಾ ಓಡಿ ಬಂದು ಬೆಂಕಿ ಆರಿಸಬೇಕಾಯಿತು.

ಮರುದಿನ ನಾನು ಅವರ ಹಿಟ್ಟಿನಲ್ಲೇ ಮುದ್ದೆ ಮಾಡಿದೆ. ಮುದ್ದೆ ಕೋಲಿಲ್ಲ, ಅನ್ನದ ಮರದ ಸೌಟಿನಲ್ಲೇ ತಿರುವಿದೆ. ಅವರು ರಾಗಿ ಹಿಟ್ಟನ್ನು ಸಣ್ಣ ಉಂಡೆ ಮಾಡಿ ಬೇಯಿಸಿ ಸಿಹಿಯ ಜತೆ ಅಗಿದು ತಿನ್ನುತ್ತಾರೆ. ನಾನು ಮುರಿದು, ಉಪ್ಪಿನಕಾಯಿ ರಸದಲ್ಲಿ ಅದ್ದಿ, ಗುಳುಂ ಎಂದು ನುಂಗಿದೆ. ಅಜ್ಜಿ ಚಂಗನೆ ಎದ್ದು ನನ್ನ ಬೆನ್ನಿಗೆ ಗುದ್ದಿದರು. ಇನ್ನೊಂದು ಗುದ್ದು. ಅಲ್ಲಿ ಹೊಸವರ್ಷಕ್ಕೆ ಅಂಟು ಅಕ್ಕಿಯ ಉಂಡೆ ತಿನ್ನುವಾಗ ಗಂಟಲಿಗೆ ಸಿಕ್ಕಿ ವಯಸ್ಸಾದವರು ಸಾಯುವುದುಂಟಂತೆ. ಅಗಿಯದೆ ನುಂಗುವವರನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಮುದ್ದೆಯನ್ನು ಅಗಿದರೇ ನಮ್ಮಲ್ಲಿ ನಗುತ್ತಾರೆ ಎಂದು ತಿಳಿಸಿದ ಮೇಲೂ, ನಾನು ಉಂಡು ಮುಗಿಸುವವರೆಗೆ ನನ್ನ ಬೆನ್ನ ಹಿಂದೆಯೇ ಕುಳಿತಿದ್ದರು.

ವ್ಯಾನಿನಲ್ಲಿ

ಈಗ ಮೋರಿಯವರ ವಿಷಯ. ಹೆಸರು ಕೇಳಿ ನಗಬೇಡಿ. ಅವರ ಭಾಷೆಯಲ್ಲಿ ಮೋರಿ ಎಂದರೆ ಕಾಡು. ಆದರೂ ಪ್ರತಿ ಸಲ “ಮೋರಿ-ಸಾನ್”, ಅಂದರೆ ಮೋರಿಯವರೇ, ಎನ್ನುವಾಗ ನನಗೆ ನಮ್ಮ ಪಂಚಾಯಿತಿಯ ಅರ್ಜಿಗಳೆಲ್ಲ ನೆನಪಾಗುತ್ತಿದ್ದವು.

ಮೋರಿ ಊರಿನ ವ್ಯಾನು ಓಡಿಸುತ್ತಾರೆ. ಅರವತ್ತೈದರ ಮೇಲಾದ, ಗಟ್ಟಿ ದನಿಯ ಮನುಷ್ಯ. ಹಾನಾಯೆ ಅಜ್ಜಿಗೆ ಕಣ್ಣಿನ ಆಸ್ಪತ್ರೆಗೆ ಹೋಗುವುದಿತ್ತು, ನಾವೂ ಹತ್ತಿದೆವು. ಇಳಿಜಾರಿನ ತಿರುವು ರಸ್ತೆ, ಒಂದೂವರೆ ಗಂಟೆ ದಾರಿ. ವಾರಕ್ಕೆ ಎರಡೇ ದಿನ ವ್ಯಾನು. ದಾರಿಯುದ್ದಕ್ಕೂ ಕೋಲೂರಿ ನಿಂತವರನ್ನು ಮೋರಿ ಒಬ್ಬೊಬ್ಬರನ್ನಾಗಿ ಕೈಹಿಡಿದು ಹತ್ತಿಸಿಕೊಂಡರು. ಕೊನೆಗೆ ಒಬ್ಬರಿಗೆ ಜಾಗವಿಲ್ಲ. ಅವರು ಪರವಾಗಿಲ್ಲವೆಂದು ತಲೆಬಾಗಿ ಹಿಂದಿರುಗಿದರು. ಜಾಗ ಹಿಡಿದಿದ್ದವರು ನಾವು. ಅದು ಗೊತ್ತಾದಾಗ ಇಳಿಯಲು ಹೋದೆ. ವ್ಯಾನು ಆಗಲೇ ಹೊರಟಿತ್ತು. ಎಚ್.ಡಿ. ಕೋಟೆ ಕಾಡಂಚಿನ ಬುಡಕಟ್ಟಿನವರ ಹಾಡಿಯಲ್ಲಿ ನನ್ನ ಗೆಳತಿ ಜಾಜಿ ಜ್ವರ ಬಂದ ಮೊಮ್ಮಗಳನ್ನು ಎತ್ತಿಕೊಂಡು ಆಸ್ಪತ್ರೆ ಕಡೆಯ ಜೀಪಿಗೆ ಕಾಯುತ್ತಾ ನಿಂತಿದ್ದು ಕಣ್ಣಿಗೆ ಕಟ್ಟಿತು.

ಮೋರಿ ಮಾತಾಡಿದ್ದನ್ನು, ನಮ್ಮನ್ನು ಕರೆಸಿದ್ದ, ಅಂದು ನಮ್ಮ ಜತೆ ಬಂದಿದ್ದ, ಅಲ್ಲಿನ ರಾಗಿ ಸಂಶೋಧನಾ ಕೇಂದ್ರದ ವಿಜ್ಞಾನಿ ಒಕಾಡಾ ಇಂಗ್ಲಿಷಿಗೆ ತಿರುಗಿಸುತ್ತಿದ್ದರು, ವಸುಧಾ ಕನ್ನಡಕ್ಕೆ. ವಸುಧಾ ಸುಸ್ತಾದಷ್ಟೂ ಭೇರ್ಯದ ಕನ್ನಡಕ್ಕೆ ಇಳಿಯುತ್ತಿದ್ದರು. ಆದ್ದರಿಂದ ನನ್ನ ಕಿವಿಗೆ ಜಪಾನಿನವರೆಲ್ಲ ಕೆ.ಆರ್. ನಗರದವರೇ.

“ನೋಡವ್ವ,” ಎಂದರು ಮೋರಿ, ವಸುಧಾ ಬಾಯಲ್ಲಿ. “ಈ ಒಕಾಡಾ ಒಳ್ಳೆ ಮನ್ಸ. ಆದ್ರೆ ಬೆಟ್ಟದ ಮ್ಯಾಲೆ ಕೂತ್ಕಂಡು ಮೂವತ್ ವರ್ಸದಿಂದ ರಾಗಿ ಎಣಿಸ್ತಾವ್ರೆ. ಇಲ್ಲಿ ರಾಗಿ ಬೆಳೆಯೋರು ಆರೋ ಏಳೋ ಮನೆ. ಸರ್ಕಾರದ ದುಡ್ನ ಅಲ್ಲಿಗ್ ಹಾಕ್ಬೇಕಾ, ಇನ್ನೊಂದು ವ್ಯಾನಿಗ್ ಹಾಕ್ಬೇಕಾ? ನೀನೇ ಯೋಳು.”

ತಮ್ಮ ವಿರುದ್ಧದ ಮಾತನ್ನು ಒಂದಕ್ಷರ ಬಿಡದೆ ಅನುವಾದಿಸಿದ ಒಕಾಡಾ ಬಗ್ಗೆ ನನಗೆ ಗೌರವ ಹುಟ್ಟಿತು. ಆದರೆ ಮೋರಿಯವರ ಮಾತು ನನ್ನದೇ ಮಾತಾಗಿತ್ತು.

“ಸರ್ಯಾಗ್ ಯೋಳಿದ್ರಿ ಕಣಣ್ಣ,” ಎಂದೆ.

ವಸುಧಾ ನನ್ನ ಕಡೆ ನೋಡಿದರು. ಇದನ್ನು ಅನುವಾದ ಮಾಡಲೇ ಬೇಕೇ ಎನ್ನುವ ಹಾಗಿತ್ತು ಆ ನೋಟ. ಆದರೂ ಮಾಡಿದರು. ಮೋರಿ ಖುಷಿಯಲ್ಲಿ ಸ್ಟಿಯರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದರು. ಕೆಳಗೆ ಪ್ರಪಾತ. ಆ ಚಪ್ಪಾಳೆಯ ರುಚಿ ಮಾತ್ರ ನನಗೆ ಹಿಡಿಸಲಿಲ್ಲ.

ಕಬ್ಬಿಣದ ಬೀರು

ಒಕಾಡಾ ಅವರ ಕೇಂದ್ರವೆಂದರೆ ಎರಡು ಕೋಣೆ, ಒಂದು ಗಾಜಿನ ಮನೆ, ಮೆಟ್ಟಿಲು ಹೊಲ, ಹೊರಗೊಂದು ಬಿಳಿ ವ್ಯಾನು. ಕೆಲಸಕ್ಕೆ ಒಕಾಡಾ ಮತ್ತು ಒಬ್ಬ ಸಹಾಯಕಿ. ನಾನು ದೊಡ್ಡ ದೊಡ್ಡ ಯಂತ್ರ ನಿರೀಕ್ಷಿಸಿದ್ದೆ. ಇದ್ದದ್ದು ಒಂದು ಕಬ್ಬಿಣದ ಬೀರು, ಅದರ ತುಂಬ ಕೈಬರಹದ ಪುಸ್ತಕಗಳು.

“ಇಷ್ಟ್ ವರ್ಸದಿಂದ ಏನ್ ಸಿಕ್ತು ಇವ್ರಿಗೆ? ಕೇಳಮ್ಮ,” ಎಂದೆ.

ಒಕಾಡಾ ಒಂದು ತಳಿಯ ತೆನೆ ತೋರಿಸಿದರು. ಅಜ್ಜಿಯ ಹೊಲದಲ್ಲಿದ್ದದ್ದು ಅದೇ. ಬೆಂಕಿ ರೋಗ ತಡೆಯುತ್ತದೆ, ಆದರೆ ಇಳುವರಿ ಕಡಿಮೆ. ಒಂದೇ? ಒಂದೇ. ಮಿಕ್ಕ ಪುಸ್ತಕಗಳಲ್ಲಿ ಏನಿದೆ? ಅವರು ಸಂಕೋಚದಿಂದ ನಕ್ಕರು. ಮಿಕ್ಕಿದ್ದೆಲ್ಲ ಸೋತ ತಳಿಗಳು. ಯಾವುದು, ಯಾವ ಮಳೆಗೆ, ಎಷ್ಟನೇ ದಿನ, ಯಾವ ಭಾಗದಿಂದ ರೋಗ ಹಿಡಿಯಿತು ಎಂಬುದೆಲ್ಲ ಬರೆದಿದೆ.

ವಸುಧಾ ಪುಟ ತಿರುವುತ್ತಿದ್ದರು. ಅಕ್ಷರ ಓದಲು ಬಾರದಿದ್ದರೂ ತಳಿಗಳ ನಂಬರು ಎಲ್ಲ ದೇಶಕ್ಕೂ ಒಂದೇ. ಒಂದು ಪುಟದಲ್ಲಿ ಅವರ ಬೆರಳು ನಿಂತಿತು. ಒಕಾಡಾರನ್ನು ಕರೆದು ಏನೋ ಕೇಳಿದರು. ಒಕಾಡಾ ಓದಿ ಹೇಳಿದರು. ವಸುಧಾ ಅಲ್ಲೇ ಇದ್ದ ಗೊಬ್ಬರದ ಚೀಲದ ಮೇಲೆ ಕುಳಿತುಬಿಟ್ಟರು.

“ಏನಾಯ್ತಮ್ಮ?”

“ರತ್ನಕ್ಕ, ಅದೇ ತಳಿ ಕಣ್ರೀ. ನಾನು ಮೂರು ವರ್ಷ ಮಣ್ಣು ಹೊತ್ತಿದ್ದು ಅದಕ್ಕೇ. ನಾನು ಶುರು ಮಾಡೋ ಎಷ್ಟೋ ವರ್ಷ ಮೊದ್ಲೇ ಇವ್ರು ಹಾಕಿ ನೋಡವ್ರೆ. ಸೋನೆ ಹಿಡಿದ್ರೆ ಕತ್ತಿಗೆ ಬರ್ತದೆ ಅಂತ ಇಲ್ಲೇ ಬರ್ದವ್ರೆ.”

ಅವರು ಅಳುತ್ತಾರೇನೋ ಅಂದುಕೊಂಡೆ. ನಗಲು ಶುರುಮಾಡಿದರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. ಒಕಾಡಾ ಗೋಡೆಗೆ ಒರಗಿ ನಿಂತಿದ್ದರು. ಅವರ ಮುಖ ನೋಡಲಾಗುತ್ತಿರಲಿಲ್ಲ. ಬೀರಿನ ಬಾಗಿಲು ಗಾಳಿಗೆ ಕಿರ್ರೆನ್ನುತ್ತಿತ್ತು.

ಆ ಸಂಜೆ ಅಜ್ಜಿಯ ಜಗಲಿಯಲ್ಲಿ ಕುಳಿತು ನಾನು ತುಂಬಾ ಯೋಚನೆ ಮಾಡಿದೆ. ನಮ್ಮ ಕಡೆ ಹೊಗೆಸೊಪ್ಪಿಗೆ ಯಾವ ರೋಗ ಬಂದರೂ ಓಡಿ ಬರುವವರಿದ್ದಾರೆ, ಅದನ್ನು ಕೊಳ್ಳುವವರಿಗೆ ಅದು ಬೇಕು. ಶುಂಠಿಗೂ ಔಷಧಿ ಮಾರುವವರು ಬಾಗಿಲಿಗೇ ಬರುತ್ತಾರೆ. ರಾಗಿಗೆ ಯಾರು ಬರುತ್ತಾರೆ? ಅದರಲ್ಲೂ “ಇದು ಆಗಲ್ಲ, ಹಾಕಬೇಡಿ” ಎಂದು ಹೇಳುವುದಕ್ಕೆ ಯಾವ ವ್ಯಾಪಾರಿ ಮೂವತ್ತು ವರ್ಷ ಕೂತಾನು? ಆದರೆ ಕೂತವರು ಹೇಳದೇ ಹೋದರೆ ಕೂತೇನು ಬಂತು?

“ನಾಳೆ ಏನ್ ಹೇಳ್ತೀರಿ ರತ್ನಕ್ಕ?” ವಸುಧಾ ಕೇಳಿದರು.

“ಗೊತ್ತಿಲ್ಲ ಕಣಮ್ಮ. ಬಾಯಿಗ್ ಬಂದಿದ್ದು.”

“ಅದೇ ನನಗೆ ಹೆದ್ರಿಕೆ.”

ಮುಚ್ಚಿದ ಶಾಲೆ

ಸಭೆ ನಡೆದದ್ದು ಮಕ್ಕಳಿಲ್ಲದೆ ಮುಚ್ಚಿದ್ದ ಶಾಲೆಯಲ್ಲಿ. ಕುರ್ಚಿಗಳೆಲ್ಲ ಮೂರನೇ ತರಗತಿಯವು. ನನ್ನದರಲ್ಲಿ ಕುಳಿತುಕೊಳ್ಳುವುದೇನೋ ಕುಳಿತುಕೊಂಡೆ. ಏಳುವಾಗ ಅದೂ ನನ್ನ ಜತೆ ಎದ್ದಿತು. ಅಜ್ಜಿಯೂ ಮೋರಿಯೂ ಎರಡು ಕಡೆ ಹಿಡಿದು ಕಿತ್ತರು. ಊರಿನವರು ನಗಬಾರದೆಂದು ನೆಲ ನೋಡಿದರು, ನಾನೇ ನಕ್ಕಮೇಲೆ ಎಲ್ಲರೂ ನಕ್ಕರು.

ಸರ್ಕಾರದ ಕಡೆಯಿಂದ ಕಪ್ಪು ಕೋಟಿನ ಅಧಿಕಾರಿಯೊಬ್ಬರು ಬಂದಿದ್ದರು. ಕೇಂದ್ರವನ್ನು ಉಳಿಸಬೇಕೋ ಮುಚ್ಚಬೇಕೋ, ಊರಿನವರ ಮಾತು ಕೇಳಿಕೊಂಡು ಹೋಗುವುದು ಅವರ ಕೆಲಸ. ಮೋರಿ ಮೊದಲು ಮಾತಾಡಿದರು. ವ್ಯಾನಿನಲ್ಲಿ ಹೇಳಿದ್ದನ್ನೇ, ಇನ್ನೂ ಗಟ್ಟಿಯಾಗಿ. ಒಕಾಡಾ ಗೋಡೆಯ ಮೇಲೆ ಗೆರೆಗಳ ಚಿತ್ರ ಬಿಟ್ಟರು. ನಾಲ್ಕನೇ ಚಿತ್ರಕ್ಕೆ ಅರ್ಧ ಜನ ತೂಕಡಿಸುತ್ತಿದ್ದರು. ವಿಜ್ಞಾನಿಗಳು ಎಲ್ಲ ಕಡೆಯೂ ಒಂದೇ.

ನನ್ನ ಸರದಿ ಬಂತು. ನಾನು ಕನ್ನಡದಲ್ಲಿ ಹೇಳಬೇಕು, ವಸುಧಾ ಇಂಗ್ಲಿಷಿನಲ್ಲಿ, ಒಕಾಡಾ ಅವರ ಭಾಷೆಯಲ್ಲಿ.

“ನಾನೂ ಮೋರಿಯಣ್ಣನ ಪಾರ್ಟಿಯೋಳೇ,” ಎಂದು ಶುರುಮಾಡಿದೆ. “ನಮ್ಮೂರಲ್ಲಿ ಸಭೇಲಿ ಎದ್ದು, ಈ ಯಮ್ಮನ್ನ ಎಲ್ರ ಮುಂದೆ ಬೈದೆ. ಬೈದಾಗ ನಂಗೊಂದ್ ವಿಷ್ಯ ಗೊತ್ತಿರ್ಲಿಲ್ಲ. ಈ ಯಮ್ಮ ಮೂರ್ ವರ್ಸ ಒಂದು ರಾಗಿ ಇಂದೆ ಬಿದ್ದು ಸೋತಿದ್ರು. ಅದು ಸೋಲೋ ರಾಗಿ ಅಂತ ಇಲ್ಲಿ ಬೀರ್ನಾಗೆ ಬರ್ದಿಟ್ಟಿದ್ರು. ಯಾರೂ ಯಾರ್ಗೂ ಯೋಳ್ಲಿಲ್ಲ.”

ವಸುಧಾ ನನ್ನ ಕಡೆ ಬಗ್ಗಿದರು. “ಇದನ್ನೂ ಹೇಳ್ಬೇಕಾ ರತ್ನಕ್ಕ?” ಎಂದು ಮೆಲ್ಲಗೆ ಕೇಳಿದರು.

“ನೀವ್ ಬ್ಯಾಡ ಅಂದ್ರೆ ಬ್ಯಾಡ ಬುಡಿ.”

ಅವರು ಉಸಿರೆಳೆದುಕೊಂಡು, ಸಭೆಯ ಕಡೆ ತಿರುಗಿ, ತಮ್ಮ ಸೋಲನ್ನು ತಾವೇ ಇಂಗ್ಲಿಷಿನಲ್ಲಿ ಹೇಳಿದರು. ಈಗ ಒಕಾಡಾ ಸರದಿ. ಬೀರು ಅವರದು. ಅವರು ಒಂದು ಸಲ ಅಧಿಕಾರಿಯ ಕಡೆ ನೋಡಿದರು. ಆಮೇಲೆ ಅವರೂ ಹೇಳಿದರು, ನಿಧಾನವಾಗಿ, ತಲೆ ಬಗ್ಗಿಸಿಕೊಂಡು. ತೂಕಡಿಸುತ್ತಿದ್ದವರೆಲ್ಲ ಎಚ್ಚರವಾಗಿದ್ದರು.

“ಯಾಕಯ್ಯ ಹೇಳಲಿಲ್ಲ?” ಮೋರಿ ಕೂತಲ್ಲಿಂದಲೇ ಕೇಳಿದರು.

“ಸೋತದ್ದನ್ನು ತೋರಿಸಿದರೆ ಮುಂದಿನ ವರ್ಷ ಸರ್ಕಾರ ದುಡ್ಡು ಕೊಡುವುದಿಲ್ಲ ಎಂದು ಹೆದರಿದೆವು,” ಎಂದರು ಒಕಾಡಾ. ಕಪ್ಪು ಕೋಟಿನ ಅಧಿಕಾರಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

ಮೋರಿ ಎದ್ದು ನಿಂತರು. “ನಾನು ಹೋದ ದಾರೀಲಿ ರಸ್ತೆ ಕುಸಿದಿದ್ದರೆ, ನಾಚಿಕೆ ಅಂತ ಸುಮ್ಮನಿರ್ತೀನಾ? ಹಿಂದೆ ಬರೋ ಗಾಡಿಯವನಿಗೆ ಕೂಗಿ ಹೇಳ್ತೀನಿ. ಹೇಳೋದೇ ನನ್ನ ಕೆಲಸದ ಅರ್ಧ.”

“ಅದೇ ನನ್ ಮಾತೂನೂವೆ,” ಎಂದೆ ನಾನು. “ಸರ್ಕಾರ ದುಡ್ ಕೊಡ್ಲೇಬೇಕು ಕಣಣ್ಣ. ಗೆದ್ದಿದ್ಕೆ ದುಡ್ ಆಕೋರು ಬೇಕಾದಷ್ಟ್ ಜನ ಅವ್ರೆ. ಸೋಲೋದ್ನ ಕಂಡ್ ಹಿಡಿಯಾಕೆ ಸರ್ಕಾರ ಬುಟ್ರೆ ಯಾರೂ ಕೊಡಾಕಿಲ್ಲ. ಆದ್ರೆ ದುಡ್ ಇಸ್ಕಂಡೋರು ಬೀರ್ಗೆ ಬೀಗ ಆಕ್ಬಾರ್ದು. ವರ್ಸಕ್ಕೊಂದ್ ದಿನ ಊರ್ನೋರ್ ಮುಂದೆ, ಊರ್ನೋರ್ ಭಾಷೇಲಿ, ಗೆದ್ದಿದ್ದೂ ಸೋತಿದ್ದೂ ಯೋಳ್ಬೇಕು. ಒಪ್ದೋರು ಬೈಲಿ. ಬೈಸ್ಕಂಡ್ರೆ ಸಾಯಾಕಿಲ್ಲ. ಇಲ್ ನೋಡಿ, ಬೈಸ್ಕಂಡೋರು ನನ್ನ ಜಪಾನ್ಗೆ ಕರ್ಕಂಡ್ ಬಂದವ್ರೆ.”

ಮೂರು ಭಾಷೆ ದಾಟಿ ಬರುವ ಹೊತ್ತಿಗೆ ನಗು ತಡವಾಗಿ ಬಂತು, ಬಂದಾಗ ಜೋರಾಗಿಯೇ ಬಂತು.

“ಸರಿ, ನನ್ನ ವ್ಯಾನು?” ಮೋರಿ ಬಿಡಲಿಲ್ಲ. ಬಿಡಬಾರದು ಕೂಡ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ.

ಹಾನಾಯೆ ಅಜ್ಜಿ ಎದ್ದರು. ಅಷ್ಟು ದಿನದಲ್ಲಿ ಅವರು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. ಪ್ರತಿ ಮಂಗಳವಾರ ಒಕಾಡಾ ಕೇಂದ್ರದ ಬಿಳಿ ವ್ಯಾನಿನಲ್ಲಿ ಮಣ್ಣಿನ ಡಬ್ಬಿ ಇಟ್ಟುಕೊಂಡು ಪಟ್ಟಣಕ್ಕೆ ಹೋಗುತ್ತಾರೆ. ತಮ್ಮ ಹೊಲದಿಂದಲೇ ಅದು ಕಾಣುತ್ತದೆ ಎಂದರು. ಹಿಂದಿನ ಸೀಟುಗಳೆಲ್ಲ ಖಾಲಿ. “ಮಣ್ಣಿಗೆ ಜಾಗ ಇದೆ, ನಮಗಿಲ್ಲವಾ?”

ಒಕಾಡಾ ಕಿವಿಯವರೆಗೂ ಕೆಂಪಾದರು. ಮೋರಿ ಬಾಯಿ ತೆರೆದುಕೊಂಡೇ ಕುಳಿತಿದ್ದರು. ಇಷ್ಟು ವರ್ಷ ಅದು ಅವರಿಗೂ ಹೊಳೆದಿರಲಿಲ್ಲ. ಸರ್ಕಾರಿ ಗಾಡಿಯಲ್ಲಿ ಊರವರು ಕೂರಬಹುದೇ, ವಿಮೆ ಏನು, ನಿಯಮ ಏನು ಎಂದು ಅಧಿಕಾರಿ ಏನೇನೋ ಗೊಣಗಿದರು. ಆ ಗೊಣಗಾಟ ನಮ್ಮ ತಾಲ್ಲೂಕು ಕಚೇರಿಯದ್ದೇ, ಅದಕ್ಕೆ ಅನುವಾದ ಬೇಕಾಗಲಿಲ್ಲ. ಅಂದು ಏನೂ ತೀರ್ಮಾನವಾಗಲಿಲ್ಲ.

ನಾವು ಹೊರಡುವ ದಿನ ಮೋರಿಯವರೇ ರೈಲಿಗೆ ಬಿಟ್ಟರು. ಇಳಿಯುವಾಗ ನನಗೊಂದು ಪೊಟ್ಟಣ ಕೊಟ್ಟರು. ಬಿಚ್ಚಿದರೆ ಹುಲ್ಲು ತುಂಬಿದ ಪುಟ್ಟ ಬೊಂಬೆ, ಮೈಗೆ ಸೀರೆ, ಸೊಂಟಕ್ಕೆ ಅಂಟಿಕೊಂಡ ಒಂದು ಕುರ್ಚಿ.

ಮತ್ತೆ ಹೊಲದಲ್ಲಿ

ಮನೆಗೆ ಬಂದಾಗ ಬ್ಯಾರನ್ನಿನಲ್ಲಿ ಒಂದು ಸಲ ಹದಕ್ಕೆ ಹಾಕಿದ ಸೊಪ್ಪೆಲ್ಲ ಕರಿಯಾಗಿ ಹಾಳಾಗಿತ್ತು. ಶಿವಣ್ಣನವರು ಅದನ್ನು ಕೊಟ್ಟಿಗೆಯ ಹಿಂದೆ, ಸೌದೆಯ ಕೆಳಗೆ ಬಚ್ಚಿಟ್ಟಿದ್ದರು. ಸೋತದ್ದನ್ನು ಹೇಳಬೇಕು ಎಂದು ನಾನು ಅವರಿಗೆ ಅರ್ಧ ಗಂಟೆ ಭಾಷಣ ಮಾಡಿದೆ.

ಐದಾರು ತಿಂಗಳ ಮೇಲೆ ಒಕಾಡಾ ಪತ್ರ ಬರೆದರು. ಕೇಂದ್ರಕ್ಕೆ ಸದ್ಯ ಎರಡು ವರ್ಷ ಉಸಿರು ಸಿಕ್ಕಿದೆ. ಆಮೇಲೆ ಮತ್ತೆ ಸಭೆ. ಮಂಗಳವಾರದ ಗಾಡಿಗೆ ಒಪ್ಪಿಗೆ ಸಿಕ್ಕಿದೆ, ಅದನ್ನೂ ಮೋರಿಯೇ ಓಡಿಸುತ್ತಾರೆ. ಮಣ್ಣಿನ ಡಬ್ಬಿಗಳನ್ನು ಅಜ್ಜಿಯಂದಿರು ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಾರಂತೆ. ಬೀರಿನ ಪುಸ್ತಕಗಳನ್ನು ಒಂದೊಂದಾಗಿ ಇಂಗ್ಲಿಷಿಗೆ ಇಳಿಸಿ ವಸುಧಾಗೆ ಕಳಿಸುತ್ತಿದ್ದಾರೆ.

ಮುಂಗಾರಿಗೆ ನಾನು ಹತ್ತು ಗುಂಟೆ ಜಾಗ ವಸುಧಾಗೆ ಬಿಟ್ಟುಕೊಟ್ಟೆ. ಹದಿನಾಲ್ಕು ತಳಿ ಹಾಕಿದರು. ಆ ಪುಸ್ತಕಗಳು ಬಂದಿದ್ದರಿಂದ ಹಾಕದೆ ಬಿಟ್ಟ ತಳಿಗಳೇ ಅದಕ್ಕಿಂತ ಹೆಚ್ಚು. ಸೋನೆ ಹಿಡಿಯಿತು. ತೆನೆ ಬರುವ ಹೊತ್ತಿಗೆ ಹನ್ನೆರಡು ತಳಿಗೆ ಬೆಂಕಿ ಬಿತ್ತು. ಎರಡು ನಿಂತವು.

ವಸುಧಾ ಹೊಲದ ಬದುವಿನ ಮೇಲೆ ಒಂದು ಬೋರ್ಡು ನೆಡಿಸಿದರು. ಮೇಲುಗಡೆ ನಿಂತ ಎರಡರ ಹೆಸರು, ಕೆಳಗೆ ಸೋತ ಹನ್ನೆರಡರದ್ದು, ಯಾವುದಕ್ಕೆ ಎಲ್ಲಿ ಹಿಡಿಯಿತೆಂದು ದಪ್ಪ ಕನ್ನಡದಲ್ಲಿ. ಅವರ ಕಚೇರಿಯಲ್ಲಿ ಕೆಲವರು ಇದೆಲ್ಲ ಯಾಕೆ ಬೇಕಿತ್ತು ಎಂದರಂತೆ. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಓದಿದರು. ದೂರದ ಹಾರನಹಳ್ಳಿ ಕಡೆಯಿಂದಲೂ ಬಂದು ಫೋಟೋ ತೆಗೆದುಕೊಂಡು ಹೋದರು.

ಒಂದು ಬೆಳಿಗ್ಗೆ ಪಕ್ಕದೂರಿನ ಮಾದೇವಣ್ಣ ಬಂದರು. ಎಪ್ಪತ್ತು ದಾಟಿದ ಹಳೆ ರೈತ. ವಸುಧಾ ಅಲ್ಲೇ ತೆನೆ ಎಣಿಸುತ್ತಿದ್ದರು, ನಾನು ಕಾಫಿ ತಂದಿದ್ದೆ. ಮಾದೇವಣ್ಣ ಬೋರ್ಡಿನ ಮೇಲೆ ಬೆರಳಿಟ್ಟು ಒಂದೊಂದಾಗಿ ಓದುತ್ತಾ ಬಂದು, ಐದನೆಯದರ ಹತ್ತಿರ ನಿಂತರು.

“ಇದು ಓಗ್ಬುಡ್ತಾ?”

“ಹೋಯ್ತು ಮಾದೇವಣ್ಣ. ಕತ್ತಿಗೇ ಬಂತು,” ಎಂದರು ವಸುಧಾ.

“ಇದ್ರದ್ದೇ ಒಂದ್ ಮೂಟೆ ಮಡಗಿದ್ದೆ. ಬೀಗ್ರು ಕೊಟ್ಟಿದ್ರು, ಬಲೇ ಬೀಜ ಅಂದಿದ್ರು. ಬರೋ ವರ್ಸ ಎರಡ್ ಎಕ್ರೆಗೂ ಅದ್ನೇ ಚೆಲ್ಲವ ಅಂತಿದ್ದೆ.”

ವಸುಧಾ ಮುಖ ಸಣ್ಣದಾಯಿತು. “ಬೇಜಾರ್ ಮಾಡ್ಕೋಬೇಡಿ,” ಎನ್ನಲು ಹೋದರು.

“ಬೇಜಾರ್ಯಾಕವ್ವ?” ಮಾದೇವಣ್ಣ ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. “ಇವತ್ತೇ ಮಿಲ್ಗಾಕಿ ಇಟ್ ಮಾಡುಸ್ಬುಡ್ತೀನಿ. ಹೊಲ್ದಾಗೆ ಸೋತ್ರೆ ವರ್ಸ ಓಯ್ತದೆ. ಬೋರ್ಡ್ನಾಗೆ ಸೋತ್ರೆ ಉಣ್ಣಬೌದು.”

ವಸುಧಾ ಉತ್ತರಿಸುವ ಮೊದಲೇ ಅವರು ಬದುವಿಳಿದು, ಮಿಲ್ಲಿನ ಕರೆಂಟು ಹೋಗುವ ಮುಂಚೆ ಮುಟ್ಟಬೇಕೆಂದು ಬಿರಬಿರನೆ ನಡೆದಿದ್ದರು.